ಭೀಮರಾಜನ ಮನೆಗೆ ಬಂದ ತವರದ ಮೀನು

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಕೆಂಪಾಪುರದ ಭೀಮರಾಜನ ಹೆಸರೂ ಹಾಗೆಯೇ. ಆಳು ಎತ್ತರಕ್ಕಿದ್ದಾನೆ, ಮೀಸೆ ದಪ್ಪಗಿದೆ, ಧೈರ್ಯ ಮಾತ್ರ ಹುಟ್ಟುವಾಗಲೇ ಎಲ್ಲೋ ಬಿದ್ದುಹೋಗಿದೆ. ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಬೀಗವನ್ನು ಜಗ್ಗಿ ನೋಡುತ್ತಾನೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚಗೊಡುವುದಿಲ್ಲ. ಮಗಳು ವೇದಾ ಮದುವೆಯಾಗಿ ಯಲಹಂಕದಲ್ಲಿದ್ದಾಳೆ. ಅವಳು ಅಲ್ಲಿ ಸ್ಕೂಟರ್ ಹತ್ತಿದಳೆಂದರೆ ಇಲ್ಲಿ ಇವನ ಎದೆ ಹೊಡೆದುಕೊಳ್ಳಲು ಶುರು. ತಲುಪಿದೆ ಎಂದು ಅವಳು ಫೋನ್ ಮಾಡಿದ ಮೇಲೇ ಅದು ನಿಲ್ಲುವುದು.

ಲೋಕ ಇಂಥವರನ್ನು ಗೇಲಿ ಮಾಡುತ್ತದೆ, ಆದರೆ ಕೆಲಸಕ್ಕೆ ಇಟ್ಟುಕೊಳ್ಳುವಾಗ ಇಂಥವರನ್ನೇ ಹುಡುಕುತ್ತದೆ. ಭೀಮರಾಜ ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಾನೆ. ಲಿಫ್ಟು, ಸಂಪು, ಜನರೇಟರು ಎಲ್ಲ ಅವನ ಸುಪರ್ದಿನಲ್ಲಿ. ಲಿಫ್ಟಿನಲ್ಲಿ ಒಂದು ಹೊಸ ಸದ್ದು ಕೇಳಿದರೂ ಸಾಕು, ಅವತ್ತು ಅವನಿಗೆ ಅನ್ನ ಸೇರುವುದಿಲ್ಲ. ಅದಕ್ಕೇ ಆ ಕಟ್ಟಡದ ಲಿಫ್ಟಿನಲ್ಲಿ ಯಾರೂ ಸಿಕ್ಕಿಕೊಂಡಿಲ್ಲ. ಅಲ್ಲಿನವರಿಗೆ ಅವನು ಪ್ರೀತಿಯ ಭೀಮಣ್ಣ. ಮನೆಯಲ್ಲಿ ಹೆಂಡತಿ ಧನಲಕ್ಷ್ಮಿಗೆ ಮಾತ್ರ ಅವನೊಂದು ದಿನನಿತ್ಯದ ತಲೆನೋವು.

ಇಂಥ ಮನುಷ್ಯ ಬೆಂಕಿಯನ್ನು ತಾನೇ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದದ್ದು ಹೇಗೆಂದರೆ, ಆ ಅಪಾರ್ಟ್‌ಮೆಂಟಿನಲ್ಲಿ ನಿರಂಜನ್ ಎಂಬೊಬ್ಬರಿದ್ದಾರೆ. ರಜೆ ಸಿಕ್ಕಾಗಲೆಲ್ಲ ಮಲ್ಪೆಗೆ ಹೋಗಿ, ದೋಣಿಯಲ್ಲಿ ಕೂತು ಗಾಳ ಹಾಕುವ ಹುಚ್ಚು ಅವರಿಗೆ. ಒಂದು ದಿನ ಲಿಫ್ಟಿನ ಬಳಿ ನಿಂತು, ಬೆರಳುದ್ದದ ಒಂದು ಲೋಹದ ಮೀನನ್ನು ತೋರಿಸಿದರು. ಎರಡು ತುದಿಗೂ ತೂತು. ಒಂದಕ್ಕೆ ದಾರ, ಇನ್ನೊಂದಕ್ಕೆ ಕೊಕ್ಕೆ. ನೀರಿನಾಳಕ್ಕೆ ಬಿಟ್ಟು ಜಗ್ಗಿದರೆ ಇದು ಗಾಯಗೊಂಡ ಮರಿಮೀನಿನ ಹಾಗೆ ಹೊರಳಾಡಿ ಹೊಳೆಯುತ್ತದಂತೆ, ದೊಡ್ಡ ಮೀನು ಬಂದು ಕಚ್ಚುತ್ತದಂತೆ. ಜಿಗ್ ಎನ್ನುತ್ತಾರೆ.

"ಬಂಡೆಗೆ ಸಿಕ್ಕಿಕೊಂಡ್ರೆ ಹೋಯ್ತು ಭೀಮಣ್ಣ. ಪ್ರತಿ ಸಲ ಎಲ್ಲಿಂದಲೋ ತರಿಸ್ಬೇಕು. ಇಲ್ಲೇ ಯಾರಾದ್ರೂ ಎರಕ ಹುಯ್ದು ಕೊಡೋರು ಇದ್ರೆ ಹೇಳಿ. ನಮ್ ಗುಂಪಲ್ಲಿ ಎಲ್ರಿಗೂ ಬೇಕು," ಎಂದರು.

ಭೀಮರಾಜ ಅದನ್ನು ಕೇಳಿ ಪಡೆದು, ಹೆಂಡತಿಗೆ ತೋರಿಸಿದರೆ ಖುಷಿಪಟ್ಟಾಳು ಎಂದು ಮನೆಗೆ ತಂದ. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಧನಲಕ್ಷ್ಮಿ ಯಶವಂತಪುರದ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಶಾಲೆಯ ಓಟದಲ್ಲಿ ಗೆದ್ದ ಮಕ್ಕಳ ಕೊರಳಿಗೆ ಬೀಳುವ ಪದಕ, ಕೀಲಿಗೊಂಚಲಿನ ಗಣಪತಿ, ಇಂಥವೆಲ್ಲ ಅಲ್ಲಿ ತಯಾರಾಗುತ್ತಿದ್ದವು. ಕಾರ್ಖಾನೆ ಊರಾಚೆಗೆ ಹೋಯಿತು, ಇವಳು ಮನೆಯಲ್ಲಿ ಕೂತಳು. ಕೂತಮೇಲೆ ಅವಳ ಮುಖ ಬಾಡುತ್ತಾ ಬಂದದ್ದನ್ನು ಭೀಮರಾಜ ನೋಡಿದ್ದ. ಟಿವಿ ಹಾಕಿಕೊಂಡು ಅದರ ಮುಂದೆ ಕೂರುತ್ತಿದ್ದಳು, ಏನು ನೋಡಿದೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಅವನ ನೂರೆಂಟು ಭಯಗಳಲ್ಲಿ ಅದೂ ಒಂದಾಗಿತ್ತು.

ಅವಳು ಜಿಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಅದರ ಹೊಟ್ಟೆಯ ಉದ್ದಕ್ಕೂ ಕೂದಲಿನಂಥ ಗೆರೆಯೊಂದಿತ್ತು. ಅದರ ಮೇಲೆ ಉಗುರಾಡಿಸಿದಳು.

"ಎರಡು ರಬ್ಬರ್ ಅಚ್ಚಿನ ಮಧ್ಯೆ ಹುಯ್ದವ್ರೆ ಕಣ್ರೀ. ನಮ್ ಪದಕಾನೂ ಇಂಗೇನೇ," ಎಂದಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಜೀವ ಇತ್ತು. "ಇದನ್ನ ನಾವೇ ಮಾಡ್ಬೋದು. ಮನೇಲೇ."

ಕೆಲಸ ಕೇಳಲು ಸುಲಭ. ಶಾಖಕ್ಕೆ ಕರಗದ ರಬ್ಬರಿನ ಎರಡು ದಪ್ಪ ಬಿಲ್ಲೆಗಳ ನಡುವೆ ಸುತ್ತಲೂ ಮೀನಿನ ಆಕಾರದ ಗುಳಿಗಳು. ಬಿಲ್ಲೆಗಳನ್ನು ಎರಡು ಕಬ್ಬಿಣದ ತಟ್ಟೆಗಳ ನಡುವೆ ಬಿಗಿದು ಗಿರಗಿರನೆ ತಿರುಗಿಸಬೇಕು. ತಿರುಗುವಾಗಲೇ ನಟ್ಟನಡುವಿನ ತೂತಿಗೆ ಕರಗಿದ ಲೋಹ ಸುರಿದರೆ, ಅದು ತಿರುಗುವ ರಭಸಕ್ಕೆ ಹೊರಕ್ಕೆ ನುಗ್ಗಿ ಪ್ರತಿ ಮೀನಿನ ಬಾಲದ ತುದಿಯವರೆಗೂ ತುಂಬಿಕೊಳ್ಳುತ್ತದೆ. ಧನಲಕ್ಷ್ಮಿ ಕಾರ್ಖಾನೆಯಲ್ಲಿ ಅಚ್ಚು ಮಾಡಿದ್ದಳು, ಪದಕಗಳ ಅಂಚು ಉಜ್ಜಿದ್ದಳು. ಸುರಿಯುವುದನ್ನು ನೂರಾರು ಸಲ ಹತ್ತಿರದಿಂದ ನೋಡಿದ್ದಳೇ ಹೊರತು ಸೌಟು ಅವಳ ಕೈಗೆ ಬಂದಿರಲಿಲ್ಲ.

ಭೀಮರಾಜ ಬೇಡ ಎಂದ. ಅವಳು ಕೇಳಲಿಲ್ಲ. ಆಮೇಲೆ ಅವನು ಅಪ್ಪಟ ಭೀಮರಾಜನಾಗಿ ಒಂದೊಂದೇ ಷರತ್ತು ಹಾಕುತ್ತಾ ಬಂದ. ಸೀಸ ಬೇಡ, ಅದರ ಹೊಗೆ ಕೆಟ್ಟದ್ದು, ತವರ ಆದರೆ ಸರಿ. ಒಪ್ಪಿದಳು. ಮನೆಯೊಳಗೆ ಬೇಡ, ತಾರಸಿಯ ಶೀಟಿನ ಕೋಣೆಯಲ್ಲಿ, ಕಿಟಕಿ ಬಾಗಿಲು ತೆಗೆದು. ಒಪ್ಪಿದಳು. ಹಳೆಯ ಸೀಲಿಂಗ್ ಫ್ಯಾನನ್ನು ರೆಕ್ಕೆ ಬಿಚ್ಚಿ ತಲೆಕೆಳಗಾಗಿ ಕೂರಿಸಿ, ಅದರ ಮೇಲೆ ತಟ್ಟೆ ಬಿಗಿದು, ಸಿಡಿದರೆ ತಡೆಯಲೆಂದು ಸುತ್ತ ಅರ್ಧ ಕತ್ತರಿಸಿದ ಕಬ್ಬಿಣದ ಡ್ರಮ್ ಇಟ್ಟುಕೊಟ್ಟವನೂ ಅವನೇ. ಅಚ್ಚು ಅವಳು ಮಾಡಿಕೊಂಡಳು, ಯಂತ್ರ ಇವನು ಬೈದುಕೊಳ್ಳುತ್ತಲೇ ಮಾಡಿದ. ಬೇರೆಯವರು ಮಾಡಿದರೆ ಒಂದು ನಟ್ಟಾದರೂ ಸಡಿಲ ಬಿಡುತ್ತಾರೆ ಎಂಬುದು ಅವನ ಖಚಿತ ನಂಬಿಕೆ.

ಅಷ್ಟರಲ್ಲಿ ಸುಗ್ರಾ ಬಂದಳು. ಧನಲಕ್ಷ್ಮಿಯ ಜೊತೆ ಕೆಲಸ ಮಾಡಿದವಳು, ಕಾರ್ಖಾನೆಯಲ್ಲಿ ಲೋಹ ಸುರಿಯುತ್ತಿದ್ದ ಒಬ್ಬಳೇ ಹೆಂಗಸು. ಗೆಳತಿಯ ಹೊಸ ಯಂತ್ರ ನೋಡಿ ತಲೆದೂಗಿದಳು. ಅವಳ ಎಡಗೆನ್ನೆಯ ಮೇಲೆ ಕಣ್ಣಿನ ಕೆಳಗಿಂದ ಕಿವಿಯವರೆಗೆ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ಭೀಮರಾಜ ಅದನ್ನು ನೋಡಬಾರದೆಂದುಕೊಂಡೇ ನೋಡಿದ.

"ಕೇಳಿ ಭಯ್ಯಾ, ಪರವಾಗಿಲ್ಲ," ಎಂದಳು ಸುಗ್ರಾ. "ಸೌಟು ತೊಳ್ದಿದ್ದೆ. ಒರೆಸಿದ್ದೆ, ಒಣಗಿಸಿರ್ಲಿಲ್ಲ. ಒಂದ್ ಹನಿ ಇತ್ತೇನೋ. ತವರಕ್ಕೆ ಅದ್ದಿದೆ, ಅದು ಪಟ್ ಅಂತ ಎದ್ದು ಮುಖಕ್ಕೆ ಬಂತು. ಬಿಸಿ ತವರದ ಅಡೀಲಿ ನೀರು ಸಿಕ್ಕಿದ್ರೆ ಒಂದೇ ಸಲ ಆವಿ ಆಗುತ್ತೆ, ಮೇಲಿರೋದನ್ನ ಎತ್ತಿ ಎಸೆಯುತ್ತೆ. ಕಣ್ಣು ಉಳೀತು, ಅಲ್ಲಾ ದೊಡ್ಡವನು."

ಆ ಕ್ಷಣದಿಂದ ಭೀಮರಾಜನಿಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸುಗ್ರಾಳ ಕೆನ್ನೆ ಕಾಣುತ್ತಿತ್ತು, ಆದರೆ ಮುಖ ಧನಲಕ್ಷ್ಮಿಯದು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮುಖದ ಬಗ್ಗೆ ಅವನು ಒಂದು ಒಳ್ಳೆಯ ಮಾತು ಆಡಿದವನಲ್ಲ. ಈಗ ಅದಕ್ಕೆ ಏನಾದರೂ ಆದರೆ ತಾನು ಬದುಕಲಾರೆ ಎಂದು ಅವನಿಗೆ ನಿಚ್ಚಳವಾಗಿ ಗೊತ್ತಾಯಿತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ನೀರಿನ ಮೇಲೆ ಯುದ್ಧ ಸಾರಿದ.

ತಾರಸಿಯ ಬಟ್ಟೆ ಒಣಗಿಸುವ ತಂತಿಗಳನ್ನು ಬಿಚ್ಚಿ ಆಚೆ ಕಟ್ಟಿದ. ಕೆಳಗಿನ ಬಾಡಿಗೆಯವರಿಗೆ ಒದ್ದೆ ಬಟ್ಟೆ ಹಿಡಿದು ಆ ಕಡೆ ಸುಳಿಯಬೇಡಿ ಎಂದು ತಾಕೀತು ಮಾಡಿದ. ತುಳಸಿ ಕುಂಡವನ್ನು ಮೆಟ್ಟಿಲ ಕೆಳಗೆ ಇಳಿಸಿದ. ಶೀಟಿನ ಪ್ರತಿ ಮೊಳೆಗೂ ಟಾರು ಮೆತ್ತಿದ. ಟ್ಯಾಂಕು ತುಂಬಿ ಹರಿಯದಂತೆ ಮೋಟಾರಿಗೆ ತಾನೇ ಕಾವಲು ಕೂತ. ಧನಲಕ್ಷ್ಮಿ ಒಮ್ಮೆ ನೀರಿನ ಲೋಟ ಹಿಡಿದು ಕೋಣೆಗೆ ಬಂದಾಗ ಕೈಯಿಂದ ಕಿತ್ತುಕೊಂಡು ಹೊರಗಿಟ್ಟ.

"ನಾನ್ ಕುಡಿಯೋದೂ ಬೇಡ್ವಾ?" ಎಂದಳು.

"ಆಚೆ ನಿಂತ್ಕೊಂಡು ಕುಡಿ. ಬಾಯಿ ಒರೆಸ್ಕೊಂಡು ಬಾ," ಎಂದ.

ಮೊದಲ ಎರಕಕ್ಕೆ ಭಾನುವಾರ ಗೊತ್ತಾಯಿತು. ಹಿಂದಿನ ಸಂಜೆಯೇ ಧನಲಕ್ಷ್ಮಿ ಅಚ್ಚಿನ ಗುಳಿಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿದಳು, ಲೋಹ ಸರಾಗ ಹರಿಯಲಿ ಎಂದು. ಎರಡೂ ಬಿಲ್ಲೆ ಕೂಡಿಸಿ, ತಟ್ಟೆಗಳ ನಡುವೆ ಇಟ್ಟು, ಮೇಲಕ್ಕೆ ರೆಕ್ಕೆ ಚಾಚಿಕೊಂಡ ಚಿಟ್ಟೆ ನಟ್ಟುಗಳನ್ನು ಬಿಗಿದಳು. ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿದಳು. ಹೊಸ ಕೆಲಸಕ್ಕೆ ಕೈಹಾಕುವಾಗ ತಲೆಗೆ ನೀರು ಹುಯ್ದುಕೊಳ್ಳದೆ ಹೇಗೆ? ಭೀಮರಾಜ ಒದ್ದೆ ಕೂದಲು ಕಂಡು ಹೌಹಾರಿದ. ಪೂರ್ತಿ ಒಣಗುವವರೆಗೂ ಮೆಟ್ಟಿಲು ಹತ್ತಕೂಡದು ಎಂದು ಅವಳನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿ, ತಾನು ಊರ ಆಂಜನೇಯನ ಗುಡಿಗೆ ಹೋದ.

ಅರ್ಚಕರು ಮಂಗಳಾರತಿ ಕೊಟ್ಟರು, ತೀರ್ಥ ಕೊಟ್ಟರು. ಮನೆಗೂ ಸ್ವಲ್ಪ ಬೇಕು ಎಂದಾಗ ಸಣ್ಣ ಬಾಟಲಿಗೆ ಎರಡು ಉದ್ಧರಣೆ ಹಾಕಿ, ಒಂದು ಕುಡಿ ತುಳಸಿ ಇಳಿಬಿಟ್ಟರು. ಭೀಮರಾಜ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬಂದು, ಹೆಂಡತಿ ಇನ್ನೂ ಕೂದಲು ಕೊಡವುತ್ತಿದ್ದಾಗಲೇ ತಾರಸಿ ಹತ್ತಿದ. ಡ್ರಮ್ಮಿಗೆ ಧನಲಕ್ಷ್ಮಿ ಹಿಂದಿನ ಸಂಜೆಯೇ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದಳು. ಆದರೆ ಭಯ ಇದ್ದದ್ದು ಡ್ರಮ್ಮಿನ ಹೊರಗಲ್ಲ. ತಟ್ಟೆಯ ನಡುವಿನ ಆ ತೂತಿನಲ್ಲಿ. ಭಯ ಎಲ್ಲಿದೆಯೋ ದೇವರೂ ಅಲ್ಲೇ ಇರಬೇಕಲ್ಲ? ಬಾಟಲಿಯ ಮುಚ್ಚಳ ತೆಗೆದ, ಕಣ್ಣು ಮುಚ್ಚಿದ, ಅವಳ ಮುಖವನ್ನು ನೆನೆದ, ತೂತಿನೊಳಕ್ಕೆ ತೀರ್ಥ ಬಿಟ್ಟ. ತುಳಸಿಯ ಒಂದು ಎಲೆಯೂ ಇಳಿಯಿತು. ಮಿಕ್ಕ ಒಂದಿಷ್ಟನ್ನು ಬಾಟಲಿಯಲ್ಲೇ ಉಳಿಸಿ ಜೇಬಿಗೆ ಹಾಕಿದ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ನೀರು ನೀರು ಎಂದು ಬಡಬಡಿಸುತ್ತಿದ್ದವನೇ ಹೀಗೆ ಮಾಡಿದನೇ ಎಂದು ನೀವು ಹುಬ್ಬೇರಿಸಬೇಡಿ. ಅವನ ಲೆಕ್ಕದಲ್ಲಿ ಅದು ನೀರಾಗಿರಲಿಲ್ಲ, ತೀರ್ಥ. ನೀರು ಬಿದ್ದ ಕೈಯನ್ನು ನಾವು ಬಟ್ಟೆಗೆ ಒರೆಸಿಕೊಳ್ಳುತ್ತೇವೆ, ತೀರ್ಥ ಕುಡಿದ ಕೈಯನ್ನು ತಲೆಗೆ ಸವರಿಕೊಳ್ಳುತ್ತೇವೆ. ನಿಮ್ಮ ಮನೆಯ ಹೊಸ ಕಂಪ್ಯೂಟರಿನ ಕೀಲಿಗಳ ಸಂದಿಗೆ ಕುಂಕುಮ ಉದುರಿಲ್ಲ ಎನ್ನುವವರು ಮಾತ್ರ ನಗಲಿ.

ಧನಲಕ್ಷ್ಮಿ ಮೇಲೆ ಬಂದು ಒಲೆ ಹಚ್ಚಿದಳು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು, ಸೀರೆಯ ಮೇಲೆ ದಪ್ಪ ಬಟ್ಟೆ. ಕಬ್ಬಿಣದ ಪಾತ್ರೆಯಲ್ಲಿ ತವರದ ಗಟ್ಟಿ ಮೊದಲು ಬೆವರಿದಂತೆ ಕಂಡು, ಆಮೇಲೆ ಕುಸಿದು, ಕನ್ನಡಿಯಂತೆ ನಿಂತಿತು. ಭೀಮರಾಜನಿಗೆ ಮೂಲೆಯಲ್ಲಿ ಮರಳಿನ ಬಕೆಟ್ಟಿನ ಪಕ್ಕ ಜಾಗ ಕೊಟ್ಟಿದ್ದಳು. ಅವನು ಗ್ಯಾಸ್ ಪೈಪಿಂದ ವಾಸನೆ ಬರ್ತಿದೆ ಎಂದ. ಆರಿಸಿ ನೋಡಿದರು, ಏನಿಲ್ಲ. ಶೀಟಿನ ಮೇಲೆ ಏನೋ ಸದ್ದಾಯಿತು ಎಂದ. ಕಾಗೆ. ಫ್ಯಾನು ವಾಲಿದೆ ಎಂದ. ವಾಲಿರಲಿಲ್ಲ.

"ರೀ, ಸಾಕು," ಎಂದಳು ಧನಲಕ್ಷ್ಮಿ. "ಇನ್ನು ನೀವು ಬಾಯಿ ತೆಗೆಯಂಗಿಲ್ಲ. ಸೌಟು ಕೈಯಲ್ಲಿದ್ದಾಗ ಯಾರಾದ್ರೂ ಕೂಗಿದ್ರೆ ಕೈ ಬೆಚ್ಚುತ್ತೆ. ನಮ್ ಫ್ಯಾಕ್ಟ್ರೀಲಿ ಆವಾಗ ಕೆಮ್ಮೋರೂ ಇರ್ಲಿಲ್ಲ. ಬೆಚ್ಚಿ ಮೈಮೇಲೆ ಸುರ್ಕೊಂಡ್ರೆ ಅದು ನಿಮ್ ತಲೆ ಮೇಲೆ."

ಅವನು ತುಟಿ ಹೊಲಿದುಕೊಂಡ. ಅವಳು ತನ್ನ ಪಕ್ಕದ ಸ್ವಿಚ್ ಒತ್ತಿದಳು. ತಟ್ಟೆ ಮೆಲ್ಲನೆ ಶುರುವಾಗಿ ವೇಗ ಹಿಡಿಯಿತು. ಅವಳು ಸೌಟನ್ನು ಒಲೆಯ ಉರಿಗೆ ಹಿಡಿದಳು, ಸುಗ್ರಾ ಹೇಳಿಕೊಟ್ಟ ಹಾಗೆ ಅದರ ತೇವ ಹೋಗಲಿ ಎಂದು. ಸೌಟಿನ ಕುಳಿಯಲ್ಲಿ ಮಸುಕು ಕಟ್ಟಿ, ಕುಗ್ಗಿ, ಮಾಯವಾಯಿತು. ಆಗಲೇ ಭೀಮರಾಜನಿಗೆ ಎದೆಯ ಮೇಲೆ ತಣ್ಣಗಾಯಿತು.

ಕೆಳಗೆ ನೋಡಿಕೊಂಡ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಜೇಬು ನೆನೆದು, ಅಂಗಿ ಮೈಗೆ ಅಂಟಿತ್ತು. ತೀರ್ಥವೂ ಎಲ್ಲ ನೀರಿನ ಹಾಗೆಯೇ ನೆನೆಸಿತ್ತು. ಅವನು ಆ ಒದ್ದೆಯನ್ನು ಬೆರಳಿನಿಂದ ಮುಟ್ಟಿದ.

ಧನಲಕ್ಷ್ಮಿ ಸೌಟು ತುಂಬಿಕೊಂಡು ತಿರುಗಿದ್ದಳು. ಅವಳ ಮುಖ ತೂತಿನ ಮೇಲೆ ಬಾಗಿತ್ತು. ಕೂಗಬೇಕು. ಕೂಗಿದರೆ ಬೆಚ್ಚುತ್ತಾಳೆ, ಸೌಟು ಮೈಮೇಲೆ. ಕೂಗದಿದ್ದರೆ ಆ ತೂತಿನಿಂದ ತವರ ಅವಳ ಮುಖಕ್ಕೆ. ಕೂಗಿದರೂ ನಂಬುತ್ತಾಳೆಯೇ? ಗ್ಯಾಸು, ಕಾಗೆ, ಫ್ಯಾನು ಎಂದು ಅವನ ಮಾತೆಲ್ಲ ಬೆಳಿಗ್ಗೆಯೇ ಖರ್ಚಾಗಿತ್ತು. ಸ್ವಿಚ್ಚು ಅವಳ ಆಚೆಗಿತ್ತು. ಭೀಮರಾಜ ಜನ್ಮದಲ್ಲಿ ಮೊದಲ ಸಲ ಯೋಚಿಸದೆ ಹೆಜ್ಜೆ ಇಟ್ಟ. ಡ್ರಮ್ಮಿನ ಅಂಚಿಗೆ ಬಂದು, ತೋಳು ಒಳಗೆ ಚಾಚಿ, ತಿರುಗುತ್ತಿದ್ದ ತಟ್ಟೆಯ ತೂತಿನ ಮೇಲೆ ಅಂಗೈ ಒತ್ತಿಬಿಟ್ಟ.

ಚಿಟ್ಟೆ ನಟ್ಟುಗಳು ಬೆರಳಿಗೆ ಬಡಿದವು. ಅವನು ಕೈ ತೆಗೆಯಲಿಲ್ಲ, ಸದ್ದೂ ಮಾಡಲಿಲ್ಲ. ಧನಲಕ್ಷ್ಮಿಯ ಸೌಟು ಅವನ ಕೈಗಿಂತ ಒಂದು ಗೇಣು ಮೇಲೆ ವಾಲಲು ಹೊರಟಿದ್ದು ಹಾಗೇ ನಿಂತಿತು. ಒಂದು ಎಳೆ ತವರ ಜಾರಿ ನೆಲಕ್ಕೆ ಬಿದ್ದು ಗಟ್ಟಿಯಾಯಿತು. ಅವಳು ಉಸಿರು ಹಿಡಿದು ಸೌಟನ್ನು ಪಾತ್ರೆಗೆ ತಿರುಗಿಸಿದಳು, ಒಲೆ ಆರಿಸಿದಳು, ಸ್ವಿಚ್ ಆರಿಸಿದಳು. ತಟ್ಟೆ ಅವನ ಅಂಗೈಯ ಕೆಳಗೆ ನಿಧಾನವಾಗಿ ನಿಂತಿತು. ಅದರ ಮೇಲೆಲ್ಲ ರಕ್ತ ಚಿಮ್ಮಿತ್ತು.

"ಏನಾಯ್ತ್ರೀ?" ಎಂದಳು. ಬೈಗುಳಕ್ಕೂ ಅವಳಲ್ಲಿ ಉಸಿರಿರಲಿಲ್ಲ.

"ತೀರ್ಥ ಹಾಕಿದ್ದೆ," ಎಂದ ಭೀಮರಾಜ. "ಒಳಕ್ಕೆ."

ಅವಳು ನಟ್ಟು ಬಿಚ್ಚಿ ಅಚ್ಚನ್ನು ತೆರೆದಳು. ತಿರುಗಿದ ರಭಸಕ್ಕೆ ತೀರ್ಥ ಸುತ್ತಲೂ ಹರಡಿ, ಪೌಡರಿನಲ್ಲಿ ಕಲಸಿಕೊಂಡು, ಮೀನಿನ ಗುಳಿಗಳಲ್ಲಿ ಹನಿ ಹನಿಯಾಗಿ ಕೂತಿತ್ತು. ತವರ ಹೋಗಬೇಕಾದ ಜಾಗಕ್ಕೆಲ್ಲ ಅದೇ ಹೋಗಿತ್ತು. ಒಂದು ಬಾಲದ ತುದಿಗೆ ತುಳಸಿ ಎಲೆ ಅಂಟಿತ್ತು. ಧನಲಕ್ಷ್ಮಿ ಕನ್ನಡಕ ತೆಗೆದು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೆಲದ ಮೇಲೆಯೇ ಕೂತಳು.

ಬೈಯಲಿ ಎಂದು ಭೀಮರಾಜ ಕಾದ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೈಗುಳ ತಿನ್ನುವುದೇ ನ್ಯಾಯ. ಅವಳು ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಅರಿಶಿನ, ಬಟ್ಟೆ ತಂದು ಅವನ ಬೆರಳುಗಳನ್ನು ಸುತ್ತಿದಳು.

"ಸುಗ್ರಾ ಸುರಿಯೋ ಮುಂಚೆ ದಿನಾ ಅಚ್ಚು ಬಿಚ್ಚಿ ನೋಡೋಳು," ಎಂದಳು. "ನಂಗೂ ಹೇಳಿದ್ಲು. ನಿಮ್ ಕಾಟ ತಡೀಲಾರ್ದೆ, ಬೇಗ ಮುಗಿಸ್ಬಿಡೋಣ ಅಂತ ನಾನೇ ಬಿಚ್ಚಿಲ್ಲ. ನಿನ್ನೆ ಕಟ್ಟಿದ್ದಲ್ವಾ ಅಂತ."

ಆ ಮಾತು ಅವನಿಗೆ ನಟ್ಟಿನ ಏಟಿಗಿಂತ ಜೋರಾಗಿ ತಾಗಿತು. ಅವಳು ಹೇಳಿದ್ದು ನಿಜ. ಅವನ ಭಯವೇ ಅವಳನ್ನು ಅವಸರಕ್ಕೆ ದೂಡಿತ್ತು, ಅವನ ಭಯವೇ ತೂತಿನೊಳಗೆ ಹೋಗಿ ಕೂತಿತ್ತು. ಅವನಿಗೆ ಅಳು ಬಂತು. ಗಂಡಸು ಅಳಬಾರದು ಎಂದು ಹೇಳುವವರು ಯಾರೂ ಅಲ್ಲಿರಲಿಲ್ಲ, ಅತ್ತ.

ಮಧ್ಯಾಹ್ನದ ಊಟ ಇಬ್ಬರಿಗೂ ಇಳಿಯಲಿಲ್ಲ. ಧನಲಕ್ಷ್ಮಿ ಅಚ್ಚನ್ನು ಒರೆಸಿ, ಬಿಸಿಲಿನಲ್ಲಿಟ್ಟು, ಆಮೇಲೆ ಒಲೆಯ ಶಾಖಕ್ಕೆ ದೂರದಿಂದ ಹಿಡಿದು ಒಣಗಿಸಿದಳು. ಮತ್ತೆ ಪೌಡರ್ ಉದುರಿಸಿದಳು. ಇನ್ನು ಇವಳು ಇದನ್ನು ಕಟ್ಟಿ ಅಟ್ಟಕ್ಕೆ ಎಸೆಯುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಎಸೆಯಲಿ ಎಂದೂ ಆಸೆಪಟ್ಟಿದ್ದ. ಅವಳು ಒಲೆ ಹಚ್ಚಿದಳು. ತವರ ಮತ್ತೆ ಕನ್ನಡಿಯಾದಾಗ, ಸೌಟು ಮುಟ್ಟದೆ ಅವನ ಕಡೆ ತಿರುಗಿದಳು.

"ನೀವು ನೋಡಿ. ಏನೇನು ಅನುಮಾನ ಐತೋ ಎಲ್ಲ ನೋಡಿ ಮುಗಿಸಿ. ನೀವು ಸುರಿ ಅಂದ್ರೆ ಸುರೀತೀನಿ. ಬೇಡ ಅಂದ್ರೆ ಬೇಡ."

"ನಾನಾ?"

"ನೀವೇ. ಇವತ್ತು ನಂಗೆ ನನ್ ಮೇಲೆ ನಂಬಿಕೆ ಇಲ್ಲ."

ಭೀಮರಾಜ ಬದುಕಿನಲ್ಲಿ ಬೇಡ ಎಂದೇ ಹೇಳಿದವನು. ಮಗಳ ಸ್ಕೂಟರಿಗೆ ಬೇಡ, ಹೆಂಡತಿಯ ಪ್ರವಾಸಕ್ಕೆ ಬೇಡ, ಮಳೆಗಾಲ ಬೇಡ, ನಾಳೆ ನೋಡೋಣ. ಅವನು ಬೇಡ ಎಂದ ಎಷ್ಟೋ ಕೆಲಸಗಳನ್ನು ಅವರವರೇ ಧೈರ್ಯ ಮಾಡಿ ಮಾಡಿಕೊಂಡರು. ಆಗಲಿ ಎಂದು ಯಾರೂ ಅವನ ಬಾಯಿಯಿಂದ ಕೇಳಿರಲಿಲ್ಲ. ಈಗಲೂ ಬೇಡ ಎನ್ನುವುದು ಎಷ್ಟು ಸುಲಭವಾಗಿತ್ತು. ಹಾಗೆಂದಿದ್ದರೆ ಅವಳು ಒಲೆ ಆರಿಸುತ್ತಿದ್ದಳು. ಮುಖಕ್ಕೆ ಏನೂ ಆಗುತ್ತಿರಲಿಲ್ಲ. ಅದು ಟಿವಿಯ ಮುಂದೆ ಕೂತು, ನಿಧಾನವಾಗಿ, ಮತ್ತೆ ಬಾಡುತ್ತಿತ್ತು ಅಷ್ಟೆ.

ಅವನು ಅಚ್ಚು ಬಿಚ್ಚಿಸಿದ. ಗಾಯವಿಲ್ಲದ ಕೈಯ ಬೆರಳನ್ನು ಒಂದೊಂದು ಗುಳಿಯಲ್ಲೂ ಆಡಿಸಿದ, ಬೆರಳಿಗೆ ಬಿಳಿ ಪೌಡರ್ ಅಂಟಿತು, ತೇವ ಅಂಟಲಿಲ್ಲ. ಕೂಡಿಸಿ ಬಿಗಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ. ತೂತಿನೊಳಕ್ಕೆ ಟಾರ್ಚು ಬಿಟ್ಟ. ಸೌಟು ಕಾಯುವುದನ್ನು ನೋಡಿದ. ಅವಳ ಹಣೆಯ ಬೆವರನ್ನು ತನ್ನ ಒಣ ಟವೆಲಿನಿಂದ ತಾನೇ ಒರೆಸಿದ, ಕನ್ನಡಕವನ್ನು ಸರಿಮಾಡಿದ. ಇನ್ನೇನು ಉಳಿದಿದೆ ಎಂದು ಹುಡುಕಿದ. ಕಾರಣ ಇರುವ ಭಯಗಳೆಲ್ಲ ಮುಗಿದಿದ್ದವು. ಕಾರಣವಿಲ್ಲದ್ದು ಒಂದು ಉಳಿದಿತ್ತು, ಅದು ಎಷ್ಟು ಹುಡುಕಿದರೂ ಕೈಗೆ ಸಿಗುವಂಥದ್ದಲ್ಲ.

ತಟ್ಟೆ ವೇಗ ಹಿಡಿಯಿತು. ಧನಲಕ್ಷ್ಮಿ ಸೌಟು ತುಂಬಿಕೊಂಡು, ಬಾಗಿ, ಅವನನ್ನೇ ನೋಡುತ್ತಾ ನಿಂತಳು. ತಡಮಾಡಿದರೆ ತವರ ಆರುತ್ತದೆ. ಅದೂ ಅವನಿಗೆ ಗೊತ್ತಿತ್ತು.

"ಸುರಿ," ಎಂದ ಭೀಮರಾಜ.

ದನಿ ಅವನದೇ ಎಂದು ಅವನಿಗೇ ಗುರುತು ಸಿಗಲಿಲ್ಲ. ಅವಳು ಕಣ್ಣು ತೂತಿಗೆ ತಿರುಗಿಸಿ ಸುರಿದಳು. ಅವನು ಅವಳ ಮುಖದಿಂದ ಕಣ್ಣು ತೆಗೆಯದೆ ನೋಡುತ್ತಾ ನಿಂತ.